ಅರ್ಧ ಬೆಲೆಗೆ ತಲೆದಂಡ

2025ರ ಮಾರ್ಚ್ 10, ಸೋಮವಾರ, ಬೆಳಿಗ್ಗೆ ಏಳೂವರೆ. ತಲೆಗೆ ಐಎಸ್‌ಐ ಮಾರ್ಕಿನ ಹೆಲ್ಮೆಟ್ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದು, ಕೈಯಲ್ಲಿ ಬೀಗದ ಕೈ ಹಿಡಿದು ಗೇಟಿನಾಚೆ ನಿಂತಿದ್ದೆ. ಜೇಬಿನಲ್ಲಿ ಲೈಸೆನ್ಸ್ ಇತ್ತು, ಇನ್ಶೂರೆನ್ಸ್ ಇತ್ತು, ಎಮಿಷನ್ ಸರ್ಟಿಫಿಕೇಟೂ ಇತ್ತು. ಸ್ಕೂಟರ್ ಇರಲಿಲ್ಲ. ಹದಿನಾಲ್ಕು ವರ್ಷ ಅದು ನಿಲ್ಲುತ್ತಿದ್ದ ಜಾಗದಲ್ಲಿ ದೋಸೆಯಗಲದ ಎಣ್ಣೆ ಕಲೆಯೊಂದು ಉಳಿದಿತ್ತು.

ಹಿಂದಿನ ರಾತ್ರಿ ಭಾರತ ದುಬೈನಲ್ಲಿ ನ್ಯೂಜಿಲೆಂಡನ್ನು ಸೋಲಿಸಿ ಚಾಂಪಿಯನ್ಸ್ ಟ್ರೋಫಿ ಗೆದ್ದಿತ್ತು. ಬೀದಿಗೆ ಬೀದಿಯೇ ಪಟಾಕಿ ಹೊಡೆಯಿತು. ಆ ಸದ್ದಿನಲ್ಲಿ ಹ್ಯಾಂಡಲ್ ಲಾಕ್ ಮುರಿದದ್ದು ಯಾರಿಗೆ ಕೇಳಿಸಬೇಕು? ನಾನೂ ಒಂದು ಸರ ಹಚ್ಚಿದ್ದೆ. ಹಾಗಾಗಿ ಕಳ್ಳನಿಗೆ ನೆರವಾದವರಲ್ಲಿ ನಾನೂ ಒಬ್ಬ ಎಂದು ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು.

ಮೊದಲಾಗಿದ್ದರೆ ಬೆಂಗಳೂರಿನಲ್ಲಿ ಗಾಡಿ ಕಾಣೆಯಾದರೆ ಕಳ್ಳನ ನೆನಪೇ ಬರುತ್ತಿರಲಿಲ್ಲ. ‘ಟೈಗರ್ ಎತ್ಕೊಂಡು ಹೋಗಿರುತ್ತೆ’ ಎನ್ನುತ್ತಿದ್ದೆವು. ಗಾಡಿ ಎತ್ತುವ ಆ ಲಾರಿಗೆ ಟೈಗರ್ ಎಂದು ಹೆಸರಿಟ್ಟವರು, ಗಸ್ತು ತಿರುಗುವ ಕಾರಿಗೆ ಹೊಯ್ಸಳ ಎಂದು ಇಟ್ಟರು. ನಾವು ಶಾಲೆಯಲ್ಲಿ ಓದಿದ ಕಥೆಯಲ್ಲಿ ಗುರು ಸುದತ್ತರು ‘ಹೊಯ್ ಸಳ’ ಎಂದೊಡನೆ ಸಳ ಹುಲಿಯನ್ನು ಹೊಡೆಯುತ್ತಾನೆ. ಇಲ್ಲಿ ಸಳನೂ ಹುಲಿಯೂ ಒಂದೇ ಇಲಾಖೆಯಲ್ಲಿ ಸಂಬಳಕ್ಕಿದ್ದರು. ಕೊನೆಗೆ ಜನರೇ ರೇಗಿ ರಂಪ ಮಾಡಿದ್ದರಿಂದ 2022ರ ಫೆಬ್ರುವರಿಯಲ್ಲಿ ಟೋಯಿಂಗ್ ನಿಂತಿತು. ಅಂದಿನಿಂದ ನಮಗೆ ಆ ಒಂದು ಭರವಸೆಯೂ ಇರಲಿಲ್ಲ. ಗಾಡಿ ಹೋಯಿತೆಂದರೆ ಹೋಯಿತು.

ಠಾಣೆಗೆ ನಡೆದೇ ಹೋದೆ. ಬಾಗಿಲಲ್ಲಿದ್ದ ಸೆಂಟ್ರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಏನ್ ಯಜಮಾನ್ರೇ, ಹೆಲ್ಮೆಟ್ ಹಾಕ್ಕೊಂಡು ನಡ್ಕೊಂಡ್ ಬರ್ತಿದೀರಲ್ಲ?” ಎಂದಾಗಲೇ ಅದು ಇನ್ನೂ ತಲೆಯ ಮೇಲಿದೆಯೆಂದು ನನಗೆ ಗೊತ್ತಾದದ್ದು. ಅಷ್ಟು ದೂರ ನಡೆದಿದ್ದೆ, ದಾರಿಯಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ.

ಒಳಗೆ ರೈಟರ್ ಕೂತಿದ್ದರು. ಠಾಣೆಯಲ್ಲಿ ಬರೆಯುವ ಪೊಲೀಸರಿಗೆ ರೈಟರ್ ಎನ್ನುತ್ತಾರೆ. ನಾನೂ ಅಷ್ಟಿಷ್ಟು ಬರೆಯುವವನಾದ್ದರಿಂದ ಒಂದು ಬಗೆಯ ಜಾತಿಪ್ರೀತಿಯಿಂದಲೇ ಎದುರು ಕೂತೆ.

“ಗಾಡಿ ಎಷ್ಟನೇ ಇಸವೀದು?”

“2011.”

“ಅದನ್ನ ಯಾರ್ ಸಾರ್ ಕದೀತಾರೆ?” ದನಿಯಲ್ಲಿ ಅನುಮಾನಕ್ಕಿಂತ ಕನಿಕರವೇ ಹೆಚ್ಚಿತ್ತು. “ಮಗ ಎಲ್ಲಾದ್ರೂ ತಗೊಂಡ್ ಹೋಗಿರ್ತಾನೆ, ನೋಡಿ.”

“ಮಗ ಪುಣೆಯಲ್ಲಿದ್ದಾನೆ.”

“ಒಂದ್ಸಲ ಫೋನ್ ಮಾಡಿ ಕೇಳ್ಬಿಡಿ.”

ಖಾಕಿಯ ಮುಂದೆ ನನ್ನ ಬುದ್ಧಿ ಯಾವತ್ತೂ ಅರ್ಧಕ್ಕಿಳಿಯುತ್ತದೆ. ನಿಜವಾಗಿಯೂ ಮಾಡಿ ಕೇಳಿದೆ. ತಾನು ತೆಗೆದುಕೊಂಡು ಹೋಗಿಲ್ಲವೆಂದು ಮಗ ಪುಣೆಯಿಂದ ಖಚಿತಪಡಿಸಿದ.

“ಹಾಗಾದ್ರೆ ಎರಡು ದಿನ ನೀವೇ ಹುಡುಕಿ ಸಾರ್. ಪೆಟ್ರೋಲ್ ಖಾಲಿ ಆದ ಕಡೆ ಬಿಟ್ಟು ಹೋಗಿರ್ತಾರೆ. ಎಷ್ಟಿತ್ತು ಪೆಟ್ರೋಲು?”

“ಒಂದರ್ಧ ಲೀಟರ್ ಇದ್ದೀತು.”

“ನೋಡಿ ಮತ್ತೆ!” ಎಂದರು, ಅರ್ಧ ಕೇಸು ಬಗೆಹರಿದವರಂತೆ. ಮನೆಗೆ ಬಂದು ಲೆಕ್ಕ ಹಾಕಿದೆ. ಲೀಟರಿಗೆ ನಲವತ್ತು ಕಿಲೋಮೀಟರ್ ಎಂದರೆ ಅರ್ಧ ಲೀಟರಿಗೆ ಇಪ್ಪತ್ತು. ಮನೆಯನ್ನು ನಡುವಿಟ್ಟು ಸುತ್ತಲೂ ಇಪ್ಪತ್ತು ಕಿಲೋಮೀಟರಿನ ಗೆರೆ ಎಳೆದರೆ ಬೆಂಗಳೂರು ಪೂರ್ತಿ ಅದರೊಳಗೆ ಬರುತ್ತದೆ. ನಾನು ಹುಡುಕಬೇಕಾದದ್ದು ಅಷ್ಟೇ.

ಹೀಗೆ ಹನ್ನೊಂದು ದಿನ ಕಾಲ್ನಡಿಗೆಯಲ್ಲಿ ಊರು ನೋಡುವ ಯೋಗ ಬಂತು. ಗಾಡಿಯ ಮೇಲಿರುವವನಿಗೆ ಪೊಲೀಸರು ಕಾಣುವ ರೀತಿಯೇ ಬೇರೆ, ನಡೆಯುವವನಿಗೆ ಕಾಣುವ ರೀತಿಯೇ ಬೇರೆ. ನಡೆಯುವವನಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ, ಹಾಗಾಗಿ ಅವರ ಬದಿಯಲ್ಲೇ ನಿಂತು ನಾಟಕ ನೋಡಬಹುದು. ನಮ್ಮ ಮುಖ್ಯರಸ್ತೆಯ ತಿರುವಿನಲ್ಲಿ ಒಂದು ಹೊಂಗೆಮರವಿದೆ. ಅದರ ಬೊಡ್ಡೆ ಎಷ್ಟು ದಪ್ಪವೆಂದರೆ ಒಬ್ಬ ಸಬ್ ಇನ್ಸ್‌ಪೆಕ್ಟರ್ ಮತ್ತು ಇಬ್ಬರು ಕಾನ್‌ಸ್ಟೆಬಲ್‌ಗಳು ಹೊಟ್ಟೆಯ ಸಮೇತ ಮರೆಯಾಗುತ್ತಾರೆ. ತಿರುವು ದಾಟಿದ ಗಾಡಿಗಳ ಮುಂದೆ ಒಮ್ಮೆಲೇ ಕೈ ಬರುತ್ತದೆ. ಅದಕ್ಕೆ ನಮ್ಮ ಜನರ ಮರುಮದ್ದೂ ಇದೆ. ಎದುರಿನಿಂದ ಬರುವ ಗುರುತು ಪರಿಚಯವಿಲ್ಲದ ಸವಾರ ಅಂಗೈಯಿಂದ ತನ್ನ ನೆತ್ತಿಯನ್ನು ಎರಡು ಸಲ ತಟ್ಟಿಕೊಂಡರೆ ‘ಮುಂದೆ ಮಾಮ ಇದ್ದಾರೆ’ ಎಂದರ್ಥ. ಈ ಊರಿನಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದವರೂ ಈ ಒಂದು ಉಪಕಾರವನ್ನು ತಪ್ಪದೆ ಮಾಡುತ್ತಾರೆ. ಸನ್ನೆ ಸಿಕ್ಕವರು ಗಾಡಿ ನಿಲ್ಲಿಸಿ, ಮೊಣಕೈಗೆ ಬಳೆಯಂತೆ ತೊಡಿಸಿದ್ದ ಹೆಲ್ಮೆಟ್ಟನ್ನು ತಲೆಗೇರಿಸುತ್ತಾರೆ. ಮರ ದಾಟಿದ ಮೇಲೆ ಅದು ಮತ್ತೆ ಮೊಣಕೈಗೆ.

ಟ್ರಾಫಿಕ್ ಪೊಲೀಸರನ್ನು ನಮ್ಮ ಹುಡುಗರು ಮಾಮ ಎನ್ನುವುದು ಸುಮ್ಮನೆ ಅಲ್ಲ. ಜೈಲಿಗೆ ಮಾವನ ಮನೆ ಎಂಬ ಹೆಸರು ಹಿಂದಿನಿಂದಲೂ ಇದೆ. ಮಾವ ಎದುರಾದರೆ ಹೇಗೆ ಅಳಿಯ ಒಳ್ಳೆಯವನಂತೆ ಕಾಣಬೇಕೋ, ಇಲ್ಲೂ ಹಾಗೆ. ಮಾವ ಅತ್ತ ತಿರುಗುವವರೆಗೆ ಸಾಕು.

ಸುಮ್ಮಸುಮ್ಮನೆ ಗಾಡಿ ಅಡ್ಡಗಟ್ಟಿ ಬುಕ್ ತೋರಿಸಿ ಎನ್ನಬಾರದು, ಕಣ್ಣಿಗೆ ಕಾಣುವ ತಪ್ಪು ಮಾಡಿದ್ದರೆ ಮಾತ್ರ ನಿಲ್ಲಿಸಿ ಎಂದು 2022ರ ಜೂನ್‌ನಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಹೇಳಿದ್ದರು. ಒಳ್ಳೆಯ ಮಾತು. ಆದರೆ ಹೊಂಗೆಮರದ ಹಿಂದಿನಿಂದ ಕಣ್ಣಿಗೆ ಕಾಣುವುದು ಹೆಲ್ಮೆಟ್ ಒಂದೇ. ಅದೇ ರಸ್ತೆಯಲ್ಲಿ ಒನ್‌ವೇಗೆ ಎದುರಾಗಿ ನುಗ್ಗುವ ನೀರಿನ ಟ್ಯಾಂಕರ್ ಗಾತ್ರದಲ್ಲಿ ತುಂಬ ದೊಡ್ಡದಾದ್ದರಿಂದ ಕಾಣುವುದಿಲ್ಲ.

ಅದೇ ತಿರುವಿನಲ್ಲಿ ಒಂದು ಪೆಟ್ಟಿ ಅಂಗಡಿಯಿದೆ. ಬೀಡಿ, ಬಾಳೆಹಣ್ಣು, ಕಡ್ಲೆಮಿಠಾಯಿ. ರಾತ್ರಿ ಅರ್ಧ ಗಂಟೆ ಹೆಚ್ಚು ತೆರೆದಿಟ್ಟರೆ ಆ ಅಂಗಡಿಯಾಕೆಯ ಮೇಲೆ ಪೆಟ್ಟಿ ಕೇಸು. ಈ ಪೆಟ್ಟಿ ಇಂಗ್ಲಿಷಿನದು ಎಂದು ಓದಿದವರು ಹೇಳುತ್ತಾರೆ. ಆಕೆ ಮಾತ್ರ, ತನ್ನದು ಪೆಟ್ಟಿ ಅಂಗಡಿಯಾದ್ದರಿಂದ ಪೆಟ್ಟಿ ಕೇಸು, ದೊಡ್ಡ ಮಾಲ್ ಕಟ್ಟಿಸಿದ್ದರೆ ಮಾಲ್ ಕೇಸು ಹಾಕುತ್ತಿದ್ದರು ಎಂದು ನಂಬಿದ್ದಾಳೆ. ಯಾವ ಮಾಲಿಗೂ ಇದುವರೆಗೆ ಹಾಕಿದ್ದು ನೋಡಿಲ್ಲ ಎಂದೂ ಸೇರಿಸುತ್ತಾಳೆ. ನಮ್ಮ 1963ರ ಪೊಲೀಸ್ ಕಾಯ್ದೆಯಲ್ಲಿ 92ನೇ ಕಲಮು ಎಂಬುದೊಂದಿದೆ. ಬೀದಿಯಲ್ಲಿ ಮಾಡಬಾರದ ಸಣ್ಣಪುಟ್ಟ ತಪ್ಪುಗಳ ಪಟ್ಟಿ. ಒಮ್ಮೆ ಓದಿದೆ. ನಾನು ಹಾಲು ತರಲು ಹೋಗಿಬರುವಷ್ಟರಲ್ಲಿ ಅದರಲ್ಲಿನ ಎರಡು ಮೂರಾದರೂ ಮಾಡಿಯೇ ಇರುತ್ತೇನೆ. ಪಟ್ಟಿಯಲ್ಲಿ ಇಲ್ಲದ್ದಕ್ಕೂ ದಂಡ ಬಿದ್ದದ್ದುಂಟು. 2022ರ ಡಿಸೆಂಬರ್‌ನಲ್ಲಿ ಇದೇ ಬೆಂಗಳೂರಿನಲ್ಲಿ ನಡುರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ಗಂಡಹೆಂಡಿರನ್ನು ನಿಲ್ಲಿಸಿ, ಹನ್ನೊಂದರ ಮೇಲೆ ರಸ್ತೆಯಲ್ಲಿ ನಡೆಯುವುದೇ ಅಪರಾಧವೆಂದು ಸಾವಿರ ರೂಪಾಯಿ ವಸೂಲಿ ಮಾಡಿದ ಇಬ್ಬರು ಪೊಲೀಸರು ಅಮಾನತಾದರು. ಪತ್ರಿಕೆಯಲ್ಲಿ ಅದನ್ನು ಓದಿದ ಮೇಲೆ ನಾನು ಹತ್ತೂವರೆಗೇ ಹಾಸಿಗೆ ಸೇರುತ್ತಿದ್ದೆ. ಸ್ಕೂಟರ್ ಹೋಗಲು ಅದೂ ಒಂದು ಕಾರಣವಿರಬಹುದು.

ಈ ನಡುವೆ ವಕೀಲಿ ಓದುತ್ತಿರುವ ಅಕ್ಕನ ಮಗ ರೇಗಿದ. “ಮಾಮ, ಎಫ್‌ಐಆರ್ ಮಾಡಲೇಬೇಕು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಕೇಸಲ್ಲಿ ಹೇಳಿದೆ. ಹೋಗಿ ಹೇಳು.” ಮಾಮ ಹೋಗಿ ಹೇಳಿದ.

ರೈಟರ್ ಪೆನ್ನು ಕೆಳಗಿಟ್ಟರು. “ಯಾರ್ ಸಾರ್ ಲಲಿತಾ ಕುಮಾರಿ? ನಮ್ಮ ಲಿಮಿಟ್ಸಾ?”

ಆದರೂ ಹೆಸರು ಕೆಲಸ ಮಾಡಿತು. ಮಾರ್ಚ್ 21ರ ಶುಕ್ರವಾರ, ಮಾರನೆಯ ದಿನದ ಕರ್ನಾಟಕ ಬಂದ್‌ಗೆ ಬಂದೋಬಸ್ತಿನ ಗಡಿಬಿಡಿಯಲ್ಲಿ ಠಾಣೆ ಕುದಿಯುತ್ತಿರುವಾಗಲೇ ನನ್ನ ಎಫ್‌ಐಆರ್ ಆಯಿತು. ಮೊದಲು ಕಳ್ಳತನಕ್ಕೆ 379 ಎಂದಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದು 303 ಆಗಿದೆ. ಪೊಲೀಸರ ಹಳೆಯ ಬಂದೂಕಿನ ನಂಬರೇ ಕಳ್ಳನಿಗೆ ಬಂದದ್ದು ಶುಭಶಕುನವೆಂದುಕೊಂಡೆ. ಎಫ್‌ಐಆರ್‌ನಲ್ಲಿ ‘ದೂರು ನೀಡಲು ತಡವಾದ ಕಾರಣ’ ಎಂಬ ಕಾಲಂ ಇದೆ. “ನೀವು ಹುಡುಕಿ ಅಂದಿರಿ, ಅದಕ್ಕೆ” ಎಂದೆ. ರೈಟರ್ ತಲೆದೂಗಿ ಬರೆದರು: ‘ಪಿರ್ಯಾದುದಾರರು ಸ್ವತಃ ಎಲ್ಲಾ ಕಡೆ ಹುಡುಕಾಡಿ, ಸಿಗದೇ ಇದ್ದುದರಿಂದ ತಡವಾಗಿ ಬಂದು ದೂರು ನೀಡಿರುತ್ತಾರೆ.’ ಸಾಲು ನೋಡಿ. ಒಂದಕ್ಷರ ಸುಳ್ಳಿಲ್ಲ. ನಲವತ್ತು ವರ್ಷದಿಂದ ಬರೆಯುತ್ತಿದ್ದರೂ ನನಗೆ ಇಂಥ ವಾಕ್ಯ ಕೂಡಿಬಂದಿಲ್ಲ.

ಆ ಸಂಜೆಯೇ ಮೊಬೈಲಿಗೆ ಸಂದೇಶ ಬಂತು. ನನ್ನ ಸ್ಕೂಟರ್ ಸಿಕ್ಕಿತ್ತು.

ಸಿಕ್ಕಿದ್ದು ಪೊಲೀಸರಿಗೇ, ಆದರೆ ಬೇರೆ ಪೊಲೀಸರಿಗೆ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ಕಣ್ಣುಬಿಟ್ಟು ಕೂತಿರುವ ಕ್ಯಾಮೆರಾಗಳಿವೆ. ನಂಬರ್ ಪ್ಲೇಟ್ ಓದುವಂಥವೇ 250. ಅವುಗಳಲ್ಲಿ ಒಂದು ನನ್ನ ಸ್ಕೂಟರನ್ನು ಹಿಡಿದಿತ್ತು: ಹೆಲ್ಮೆಟ್ ಇಲ್ಲದ ಸವಾರಿ, ದಂಡ 500 ರೂಪಾಯಿ. ತೆಗೆದು ನೋಡಿದರೆ ಅದಕ್ಕೂ ಹಿಂದಿನವು ಎರಡು. ಮಾರ್ಚ್ 12, 15, 18. ಮೂರಕ್ಕೂ ಫೋಟೊ, ಜಾಗ, ಗಂಟೆ, ನಿಮಿಷ. ಫೋಟೊದಲ್ಲಿ ಕಳ್ಳ ಆರಾಮಾಗಿ ಕೂತಿದ್ದಾನೆ. ಮುಂದಿನ ಕೊಕ್ಕೆಯಲ್ಲಿ ನನ್ನ ಹಸಿರು ತರಕಾರಿ ಚೀಲ ಹಾಗೇ ನೇತಾಡುತ್ತಿದೆ. ಹೆಂಡತಿ ಕನ್ನಡಕ ಏರಿಸಿ ನೋಡಿದಳು.

“ರೀ, ಎಡಗಡೆ ಕನ್ನಡಿ ಹಾಕಿಸಿದ್ದಾನೆ ನೋಡಿ. ನಿಮಗೆ ಮೂರು ವರ್ಷದಿಂದ ಹೇಳ್ತಿದ್ದೆ.”

ಫೋಟೊ ಪ್ರಿಂಟ್ ಹಾಕಿಸಿ ಠಾಣೆಗೆ ಓಡಿದೆ. ರೈಟರ್ ಬಂದ್ ಬಂದೋಬಸ್ತಿಗೆ ಹೋಗಿದ್ದರು. ಮತ್ತೊಬ್ಬರು ನೋಡಿ, “ಇದು ಟ್ರಾಫಿಕ್‌ನವರ್ದು ಸಾರ್, ನಾವು ಲಾ ಆ್ಯಂಡ್ ಆರ್ಡರ್” ಎಂದರು. ಟ್ರಾಫಿಕ್‌ನವರಲ್ಲಿಗೆ ಹೋದೆ. “ಕಳ್ಳತನ ನಮಗೆ ಬರಲ್ಲ ಸಾರ್, ನಮಗೆ ಹೆಲ್ಮೆಟ್ ಅಷ್ಟೇ” ಎಂದರು. ಒಬ್ಬ ಮನುಷ್ಯನ ತಲೆ ಒಂದು ಠಾಣೆಗೆ, ಕೈಕಾಲು ಇನ್ನೊಂದು ಠಾಣೆಗೆ. ದಂಡ ತೆಗೆಸಲು ಎಫ್‌ಐಆರ್ ಕೊಟ್ಟೆ. ಕೌಂಟರಿನಾತ ತಾರೀಖು ನೋಡಿ ಬಾಯಲ್ಲಿ ಲೊಚ್ ಎಂದ. “ಎಫ್‌ಐಆರ್ ಆಗಿರೋದು 21ಕ್ಕೆ. ಈ ಮೂರೂ ಅದಕ್ಕಿಂತ ಮುಂಚೆ. ಸಿಸ್ಟಮ್ಮಲ್ಲಿ ಆಗ ಗಾಡಿ ನಿಮ್ಮದೇ.”

“ಆದರೆ ಓಡಿಸ್ತಿರೋನು ನಾನಲ್ಲ.”

“ಹೆಲ್ಮೆಟ್ ಹಾಕ್ಕೊಂಡಿದ್ರೆ ಅನುಮಾನ ಬರೋದು ಸಾರ್,” ಎಂದು ಫೋಟೊವನ್ನೂ ನನ್ನನ್ನೂ ಹೋಲಿಸಿದ. ಕಳ್ಳನಿಗೆ ದಟ್ಟ ಕೂದಲು. ನನಗೆ ಇಪ್ಪತ್ತು ವರ್ಷದಿಂದ ಆ ತಾಪತ್ರಯವಿಲ್ಲ. “ಸರಿ, ನೀವಲ್ಲ. ಆದರೆ ಸಿಸ್ಟಮ್ಮಿಗೆ ಕೂದಲು ಹೇಳೋಕಾಗಲ್ಲ.”

ಹೊರಗೆ ಟೀ ಅಂಗಡಿಯಲ್ಲಿ ಒಬ್ಬರು ಹೆಡ್ ಕಾನ್‌ಸ್ಟೆಬಲ್ ನಿಂತಿದ್ದರು. ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ಮನೆಗೂ ಹೋಗದವರ ಕಣ್ಣು. ನನ್ನ ಕಥೆ ಕೇಳಿ, ತಾವೇ ನನಗೆ ಅರ್ಧ ಟೀ ಹೇಳಿ, ಲೋಟ ಆರಿಸುತ್ತ ಅಂದರು: “ಬೇಜಾರ್ ಮಾಡ್ಕೋಬೇಡಿ ಸಾರ್. ಒಂದು ಹೆಲ್ಮೆಟ್ ಕೇಸ್ ಹಾಕೋಕೆ ನನಗೆ ಒಂದು ನಿಮಿಷ. ಸಂಜೆ ಸಾಹೇಬ್ರಿಗೆ ಲೆಕ್ಕ ಕೊಟ್ರೆ ‘ಭೇಷ್’ ಅಂತಾರೆ. ಒಂದು ಕಳ್ಳತನ ಬರ್ಕೊಂಡ್ರೆ ಮಹಜರು, ಪಂಚರು, ಆರು ತಿಂಗಳು ಓಡಾಟ. ಲಿಮಿಟ್ಸಲ್ಲಿ ಕ್ರೈಮ್ ಜಾಸ್ತಿ ಆಯ್ತು ಅಂತ ಮೇಲಿಂದ ಬೈಗಳ ಬೇರೆ. ಬರ್ಕೊಳ್ದೆ ಇದ್ರೆ ಕಳ್ಳತನಾನೇ ಆಗಿಲ್ಲ. ಯಾವ್ದನ್ ಮಾಡ್ತೀರಿ, ನೀವೇ ಹೇಳಿ.”

ನನಗೆ ಉತ್ತರ ಹೊಳೆಯಲಿಲ್ಲ. ಶಾಲೆಯಲ್ಲಿ ಮೇಷ್ಟರು ಬರುವವರೆಗೆ ಮಾತಾಡಿದವರ ಹೆಸರು ಬರೆದಿಡುವ ಕೆಲಸ ನನಗಿತ್ತು. ಹಿಂದಿನ ಬೆಂಚಿನ ಗಟ್ಟಿ ಹುಡುಗರನ್ನು ಬಿಟ್ಟು, ಮೊದಲ ಬೆಂಚಿನಲ್ಲಿ ಸೀನಿದವರ ಹೆಸರನ್ನೇ ನಾನೂ ಬರೆಯುತ್ತಿದ್ದೆ.

“ನನ್ನ ಬೈಕೇ ಹೋಗಿ ಎರಡು ವರ್ಷ ಆಯ್ತು,” ಎಂದರು ಅವರು, ಖಾಲಿ ಲೋಟ ಇಡುತ್ತ. “ಸಿ ರಿಪೋರ್ಟ್.” ಪತ್ತೆಯಾಗದ ಕೇಸು ಮುಚ್ಚುವುದಕ್ಕೆ ಹಾಗೆನ್ನುತ್ತಾರೆ. ಹೇಳಿ, ಬಸ್ ಸ್ಟಾಪಿನತ್ತ ನಡೆದರು.

ಏಪ್ರಿಲ್, ಮೇ ತಿಂಗಳಲ್ಲಿ ಇನ್ನೂ ಎರಡು ನೋಟಿಸು ಬಂದವು. ಎಫ್‌ಐಆರ್ ನಂತರದವಾದ್ದರಿಂದ ನಾಲ್ಕು ಸಲ ಅಲೆದ ಮೇಲೆ ಅವು ರದ್ದಾದವು. ಮೊದಲ ಮೂರು ಹಾಗೇ ನಿಂತವು. ಕೋರ್ಟಿಗೆ ಹೋಗೋಣ ಎಂದ ಅಕ್ಕನ ಮಗ. ಅಷ್ಟರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಎಂದು ಸರ್ಕಾರ ಸಾರಿತು. ಆಷಾಢದ ಸೀರೆಯ ಡಿಸ್ಕೌಂಟ್ ಕೈತಪ್ಪಿದ್ದಕ್ಕೆ ಕೊರಗುತ್ತಿದ್ದ ನನ್ನ ಹೆಂಡತಿ ಇದನ್ನು ಬಿಡಲಿಲ್ಲ. ಸಾವಿರದ ಐನೂರಕ್ಕೆ ಏಳುನೂರ ಐವತ್ತು ಕಟ್ಟಿ, ರಸೀದಿಯನ್ನು ಸ್ಕೂಟರಿನ ಆರ್‌ಸಿ ಜೊತೆ ಕವರಿನಲ್ಲಿಟ್ಟಳು. ಯಾವನೋ ಬೋಳಿಸದ ತಲೆಗೆ ನಾನು ಅರ್ಧ ಬೆಲೆಯಲ್ಲಿ ತಲೆದಂಡ ತೆತ್ತೆ.

ಆಮೇಲೆ ನೋಟಿಸು ಬರುವುದು ನಿಂತಿತು. ಭಾನುವಾರ ತಿಂಡಿಯಾದ ಮೇಲೆ ಇಬ್ಬರೂ ಕೂತು ಮೊಬೈಲಿನಲ್ಲಿ ಗಾಡಿ ನಂಬರ್ ಹಾಕಿ ನೋಡುತ್ತೇವೆ. ‘ಯಾವುದೇ ಪ್ರಕರಣ ಬಾಕಿ ಇಲ್ಲ’ ಎಂದು ಬರುತ್ತದೆ. ಗುಜರಿಗೆ ಹಾಕಿರಬೇಕು ಎಂಬುದು ನನ್ನ ಅನುಮಾನ. ಅವಳು ಒಪ್ಪುವುದಿಲ್ಲ.

“ಕನ್ನಡಿ ಹಾಕಿಸಿದೋನು ಗುಜರಿಗೆ ಯಾಕ್ರೀ ಹಾಕ್ತಾನೆ? ಹೆಲ್ಮೆಟ್ ತಗೊಂಡಿರ್ತಾನೆ.”