ಚೀಲ ಇದ್ದಷ್ಟು ಕಾಲು ಚಾಚು

ಡಿಸೆಂಬರ್ ಬಂತೆಂದರೆ ನಾನು ಮಲಗುವ ಕೋಣೆಯ ಫ್ಯಾನನ್ನು ನಾಲ್ಕರಿಂದ ಎರಡಕ್ಕೆ ಇಳಿಸುತ್ತೇನೆ. ಮೈಸೂರಿನಲ್ಲಿ ಇಷ್ಟು ವರ್ಷ ಬಾಳಿದ ನನಗೂ ಚಳಿಗೂ ಇದ್ದ ವ್ಯವಹಾರ ಅಷ್ಟೇ. ಬೆಂಗಳೂರಿನವರು ತಮ್ಮ ಚಳಿಯ ಬಗ್ಗೆ ಕೊಚ್ಚಿಕೊಳ್ಳುವುದುಂಟು. ಆದರೆ ಅಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಮುತ್ತಜ್ಜ ನಡುಗಿದ ಚಳಿ ಅದು. ಇಂಥ ನಾಡಿನವನೊಬ್ಬ ನಡುಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ, 12,500 ಅಡಿ ಎತ್ತರದ ಹಿಮದ ಬೆಟ್ಟಕ್ಕೆ ಹೊರಟನೆಂದರೆ ಹಿಂದೆ ಯಾರದಾದರೂ ಕೈವಾಡ ಇರಲೇಬೇಕು. ಇದ್ದದ್ದು ತಮ್ಮನ ಮಗಳದ್ದು. "ದೊಡ್ಡಪ್ಪ, ಅದು ನಿಮ್ಮ ಕೈಲಿ ಆಗಲ್ಲ ಬಿಡಿ" ಅಂದಳು. ಕೊನೆಯ ಆ ‘ಬಿಡಿ’ ನನ್ನನ್ನು ಬಿಡಲಿಲ್ಲ.

ಟ್ರೆಕ್ಕಿನವರೇ ಸ್ಲೀಪಿಂಗ್ ಬ್ಯಾಗ್ ಕೊಡುತ್ತಾರೆ. ಆದರೆ ನನಗಿಂತ ಮೊದಲು ಅದರೊಳಗೆ ಎಷ್ಟು ಜನರ ಕಾಲ್ಚೀಲಗಳು ತಂಗಿದ್ದವೋ ಎಂಬ ಯೋಚನೆ ಬಂದದ್ದೇ, ಸ್ವಂತದ್ದನ್ನೇ ಕೊಳ್ಳುವುದೆಂದು ತೀರ್ಮಾನಿಸಿದೆ. ತಮ್ಮನ ಮಗಳನ್ನೇ ಕರೆದುಕೊಂಡು ಬೆಂಗಳೂರಿನ ಅಂಗಡಿಯೊಂದಕ್ಕೆ ಹೋದೆ.

"ಡೌನ್ ಬೇಕಾ ಸಾರ್, ಸಿಂಥೆಟಿಕ್ಕಾ?" ಅಂದ ಅಂಗಡಿಯ ಹುಡುಗ. ಡೌನ್ ಎಂದರೆ ಬಾತುಕೋಳಿಯ ಎದೆಯ ತುಪ್ಪುಳ. ಎತ್ತಿದರೆ ಕೈಗೆ ಭಾರವೇ ಇಲ್ಲ. ಹಲಸಿನಹಣ್ಣಿನಷ್ಟು ಉಬ್ಬಿದ್ದ ಚೀಲವನ್ನು ಆ ಹುಡುಗ ನನ್ನ ಕಣ್ಣೆದುರೇ ಅದುಮಿ ಅದುಮಿ ತೆಂಗಿನಕಾಯಿಯಷ್ಟು ಮಾಡಿಬಿಟ್ಟ. ಬೆಲೆ ಕೇಳಿದೆ. ನನ್ನ ಮೊದಲ ಸ್ಕೂಟರು ಅದಕ್ಕಿಂತ ಅಗ್ಗವಾಗಿತ್ತು, ಹಿಂದೊಂದು ಸ್ಟೆಪ್ನಿಯೂ ಇತ್ತು.

ಸಿಂಥೆಟಿಕ್ ಚೀಲ ಎಷ್ಟು ಅದುಮಿದರೂ ಹಲಸಿನಹಣ್ಣೇ. ಎರಡು ಕಿಲೋಗೂ ಮೇಲೆ ತೂಕ. ಆದರೆ ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಮೈನಸ್ 22’ ಎಂದು ಬರೆದಿತ್ತು. ಕೇದಾರಕಂಠದಲ್ಲಿ ರಾತ್ರಿ ಮೈನಸ್ ಹತ್ತರ ಆಸುಪಾಸು ಎಂದು ಕೇಳಿದ್ದೆ. ಇಷ್ಟೊಂದು ಮಾರ್ಜಿನ್ ಯಾವ ಸಾಲದಲ್ಲೂ ಸಿಗದೆಂದು ಪರ್ಸಿಗೆ ಕೈಹಾಕಿದೆ. ಮಗಳು ತಡೆದು, ಚೀಲದ ಒಳಗೆ ಹೊಲಿದಿದ್ದ ಚೀಟಿಯನ್ನು ಹೊರಗೆಳೆದು ತೋರಿಸಿದಳು. ಬ್ಯಾಂಕಿನಲ್ಲಿ ಕೂತು ಮೂವತ್ತು ವರ್ಷ ಸಣ್ಣಕ್ಷರದ ಷರತ್ತಿನ ಕೆಳಗೆ ಜನರಿಂದ ಸಹಿ ಹಾಕಿಸಿದವನಿಗೆ, ಸಣ್ಣಕ್ಷರ ಓದಲು ಕನ್ನಡಕ ಹುಡುಕಬೇಕಾದ ಗತಿ ಬಂತು.

ಚೀಟಿಯಲ್ಲಿ ಮೂರು ಅಂಕಿ ಇದ್ದವು. ಕಂಫರ್ಟ್ ಸೊನ್ನೆ, ಲಿಮಿಟ್ ಮೈನಸ್ ಆರು, ಎಕ್ಸ್‌ಟ್ರೀಮ್ ಮೈನಸ್ ಇಪ್ಪತ್ತೆರಡು. ಇದು ಮೊದಲು ಯುರೋಪಿನವರು ಮಾಡಿಕೊಂಡು, 2016ರಲ್ಲಿ ಐಎಸ್‌ಒ 23537 ಎಂದು ಜಗತ್ತಿಗೇ ಅನ್ವಯಿಸಿದ ಲೆಕ್ಕ. ಕಂಫರ್ಟ್ ಎಂದರೆ ಸಾಮಾನ್ಯ ಹೆಂಗಸೊಬ್ಬಳು ಆರಾಮವಾಗಿ ನಿದ್ದೆ ಮಾಡಬಹುದಾದ ಉಷ್ಣಾಂಶ. ಲಿಮಿಟ್ ಎಂದರೆ ಸಾಮಾನ್ಯ ಗಂಡಸೊಬ್ಬ ಮುದುರಿಕೊಂಡು ಹೇಗೋ ರಾತ್ರಿ ಕಳೆಯಬಹುದಾದದ್ದು. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಹೊತ್ತು ಪ್ರಾಣ ಹೋಗದಿದ್ದರೆ ಸಾಕು ಎನ್ನುವ ಸ್ಥಿತಿ. ಕಾಲ್ಬೆರಳಿನ ಜವಾಬ್ದಾರಿ ನಿಮ್ಮದು. ದಪ್ಪ ಅಕ್ಷರದಲ್ಲಿ ಬರೆದಿದ್ದದ್ದು ಈ ಮೂರನೆಯದು! ಸಾಯುವುದಿಲ್ಲ ಎಂಬುದನ್ನೇ ಸೌಕರ್ಯವೆಂದು ಮಾರುವ ಧೈರ್ಯ ನಮ್ಮ ಬ್ಯಾಂಕಿಗೂ ಇರಲಿಲ್ಲ.

ಈ ‘ಸಾಮಾನ್ಯ ಗಂಡಸು’ ಯಾರೆಂದು ಆಮೇಲೆ ಮನೆಯಲ್ಲಿ ಕೂತು ಓದಿದೆ. ಇಪ್ಪತ್ತೈದು ವರ್ಷ, 173 ಸೆಂಟಿಮೀಟರ್ ಎತ್ತರ, 73 ಕಿಲೋ ತೂಕ. ಹೆಂಗಸಿಗೂ ಇಪ್ಪತ್ತೈದೇ, 60 ಕಿಲೋ. ಜಾತಕ ಹೊಂದಿಸಿದಂತಿದ್ದಾರೆ. ನನಗೆ ಐವತ್ತನಾಲ್ಕು, ಎತ್ತರದಲ್ಲಿ ಅವನಿಗಿಂತ ಐದು ಕಡಿಮೆ, ತೂಕದಲ್ಲಿ ಐದು ಜಾಸ್ತಿ. ಇನ್ನು ಪರೀಕ್ಷೆಗೆಂದು ಶೀತಲ ಕೋಣೆಯಲ್ಲಿ ಮಲಗುವುದು ಮನುಷ್ಯನೂ ಅಲ್ಲ, ಮೈಯೆಲ್ಲ ಬಿಸಿ ಮಾಡಿದ ಒಂದು ಬೊಂಬೆ. ಅದಕ್ಕೆ ಒಳಉಡುಪು, ಕಾಲ್ಚೀಲ ತೊಡಿಸಿ, ಚಾಪೆಯ ಮೇಲೆ ಮಲಗಿಸಿ, ಎಷ್ಟು ಬಿಸಿ ಸೋರಿತೆಂದು ಅಳೆಯುತ್ತಾರೆ. ಬೊಂಬೆ ಗೊರಕೆ ಹೊಡೆಯುವುದಿಲ್ಲ, ಮಗ್ಗುಲು ಬದಲಿಸುವುದಿಲ್ಲ, ರಾತ್ರಿ ಎರಡಕ್ಕೆ ಎದ್ದು ಹೊರಗೆ ಹೋಗಬೇಕೆನ್ನುವುದೂ ಇಲ್ಲ. ನಾನು ಈ ಮೂರನ್ನೂ ತಪ್ಪದೆ ಮಾಡುತ್ತೇನೆ.

ಡೌನೋ ಸಿಂಥೆಟಿಕ್ಕೋ ಎಂದು ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ತೂಕ, ಬೆಲೆ, ಡಿಗ್ರಿ ಎಂದು ನಾವು ದೊಡ್ಡಪ್ಪ-ಮಗಳು ಕೂಗಾಡುತ್ತಿದ್ದಾಗ ಬತ್ತಿ ಹೊಸೆಯುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು:

"ಅದೆಲ್ಲಾ ಇರ್ಲಿ. ಒದ್ದೆ ಆದ್ರೆ ಬೆಚ್ಚಗಿರ್ತದಾ?"

ಅಮ್ಮ ತೀರ್ಥಹಳ್ಳಿ ಕಡೆಯವಳು. ಅವಳ ಅಪ್ಪ ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿ ನಿಲ್ಲುತ್ತಿದ್ದವರು. ಕಂಬಳಿ ನೀರು ಕುಡಿದು ಮಣಭಾರವಾಗುತ್ತಿತ್ತು, ಕುರಿಯ ವಾಸನೆ ಮನೆ ತುಂಬುತ್ತಿತ್ತು, ಆದರೆ ಬೆನ್ನು ಬೆಚ್ಚಗೇ ಇರುತ್ತಿತ್ತಂತೆ. ಮಗಳು ಕ್ಷಣ ಸುಮ್ಮನಾಗಿ, "ಅಜ್ಜಿ, ಇಷ್ಟು ದಿನದಲ್ಲಿ ಕೇಳಬೇಕಾದ ಪ್ರಶ್ನೆ ಕೇಳಿದ್ದು ನೀವೊಬ್ಬರೇ" ಅಂದಳು.

ಚೀಲ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ನಮ್ಮ ಮೈಯ ಬಿಸಿಯನ್ನೇ ಠೇವಣಿ ಇಟ್ಟುಕೊಂಡು ನಮಗೇ ಹಿಂತಿರುಗಿಸುತ್ತದೆ, ಬಡ್ಡಿ ಇಲ್ಲ. ಠೇವಣಿ ಕಾಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ತುಪ್ಪುಳ ಒದ್ದೆಯಾದರೆ ಸಾರಿಗೆ ಬಿದ್ದ ಹಪ್ಪಳದಂತೆ ಮೆತ್ತಗಾಗಿ ಮುದ್ದೆಗಟ್ಟುತ್ತದೆ. ಗಾಳಿಗೆ ಜಾಗವಿಲ್ಲ, ಠೇವಣಿ ಮುಳುಗಿತು. ಪಾಲಿಯೆಸ್ಟರ್ ಎಳೆ ನೀರು ಹೀರುವುದಿಲ್ಲ, ಒದ್ದೆಯಲ್ಲೂ ಒಂದಿಷ್ಟು ಉಬ್ಬಿಕೊಂಡೇ ಇರುತ್ತದೆ, ಬೇಗ ಒಣಗುತ್ತದೆ. ಒಣ ಚಳಿಗೆ, ಹಗುರ ಬೇಕೆನ್ನುವವರಿಗೆ ತುಪ್ಪುಳವೇ ಸರಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಎಲ್ಲಿ ಹೋದರೂ ಮೈಮೇಲೆ ನೀರು ಚೆಲ್ಲಿಕೊಳ್ಳುವ ನನ್ನಂಥವನಿಗೆ ಪಾಲಿಯೆಸ್ಟರೇ ಕಂಬಳಿ. ಕಂಫರ್ಟ್ ಮೈನಸ್ ಏಳು ಇರುವುದನ್ನು ಕೊಂಡೆ. ಉಳಿದ ಮೂರು ಡಿಗ್ರಿಗೆ ಎರಡು ಜೊತೆ ಥರ್ಮಲ್.

ಆಕಾರ ಈಜಿಪ್ಟಿನ ಮಮ್ಮಿಯದು. ಭುಜದಲ್ಲಿ ಅಗಲ, ಪಾದದಲ್ಲಿ ಕಿರಿದು, ತಲೆಗೆ ಕುಲಾವಿ. ಚೀಲ ದೊಗಳೆಯಾದಷ್ಟೂ ಒಳಗಿನ ಖಾಲಿ ಗಾಳಿಯನ್ನು ನಾವೇ ಕಾಯಿಸಬೇಕಾಗುವುದರಿಂದ ಹೀಗೆ. ಮೊದಲ ಪ್ರಯೋಗ ನಮ್ಮ ತಾರಸಿಯಲ್ಲಿ, ರಾತ್ರಿ ಹತ್ತೂವರೆಗೆ. ಕುಲಾವಿಯ ದಾರ ಎಳೆದು ಮೂಗೊಂದನ್ನೇ ಹೊರಗಿಟ್ಟು ಮಲಗಿದೆ. ಹತ್ತೇ ನಿಮಿಷಕ್ಕೆ ಕುಕ್ಕರಿನೊಳಗಿನ ಆಲೂಗಡ್ಡೆಯ ಸುಖದುಃಖ ಅರ್ಥವಾಯಿತು. ಜಿಪ್ ಎಳೆದರೆ ಒಳಬಟ್ಟೆಯನ್ನು ಕಚ್ಚಿಕೊಂಡು ಕೂತಿತು. ಹೆಂಡತಿಯನ್ನು ಕೂಗಿದೆ, ಕೂಗು ಕುಲಾವಿಯೊಳಗೇ ಉಳಿಯಿತು. ಕೊನೆಗೆ ಎದ್ದುನಿಂತು ಗೋಣಿಚೀಲದ ಓಟದಂತೆ ಮೆಟ್ಟಿಲಿನ ಕಡೆ ಕುಪ್ಪಳಿಸಿದೆ. ಪಕ್ಕದ ತಾರಸಿಯಲ್ಲಿ ಕದ್ದು ಸಿಗರೇಟು ಸೇದುತ್ತಿದ್ದ ನಿವೃತ್ತ ಮೇಷ್ಟರು ‘ಅಯ್ಯಯ್ಯೋ’ ಎಂದದ್ದು, ಬಾಗಿಲು ಬಡಿದುಕೊಂಡದ್ದು ಎರಡೂ ಒಟ್ಟಿಗೇ ಕೇಳಿಸಿತು. ಅವರು ಸಿಗರೇಟು ಬಿಟ್ಟರೆಂದು ಅವರ ಮನೆಯವರು ಈಗ ಹರಕೆ ಹೊತ್ತ ದೇವರನ್ನು ಹೊಗಳುತ್ತಾರೆ.

ಡೆಹ್ರಾಡೂನಿನಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್ ಬೆಟ್ಟದ ದಾರಿ, ಅಲ್ಲಿಂದ ಮುಂದೆ ನಡಿಗೆ. ಮೊದಲ ಡೇರೆ ಜೂಡಾ ಕಾ ತಾಲಾಬ್ ಎಂಬ ಹೆಪ್ಪುಗಟ್ಟಿದ ಕೆರೆಯ ದಂಡೆಯಲ್ಲಿ. ಗೈಡು ಥರ್ಮಾಮೀಟರ್ ನೋಡಿ "ಮೈನಸ್ ನೌ" ಎಂದು ‘ಇವತ್ತು ಸೋಮವಾರ’ ಎಂಬ ಧಾಟಿಯಲ್ಲಿ ಹೇಳಿಹೋದ. ಮಗಳು ನನ್ನನ್ನು ಮಲಗಿಸಿದ್ದು ಬಾಣಂತಿ ಆರೈಕೆಯಂತಿತ್ತು. ಮೈ ಭಾರಕ್ಕೆ ಚೀಲದ ಅಡಿಭಾಗ ಅಪ್ಪಚ್ಚಿಯಾಗಿ ನೆಲದ ಚಳಿ ನೇರ ಬೆನ್ನಿಗೇ ಬರುತ್ತದೆಂದು ಕೆಳಗೆ ಎರಡು ಮ್ಯಾಟು. ಉರಿಯಲು ಒಲೆಗೆ ಸೌದೆ ಬೇಕೆಂದು ಮಲಗುವ ಮುಂಚೆ ತುಪ್ಪ ಸವರಿದ ಚಪಾತಿ. ಬಿಸಿನೀರಿನ ಬಾಟಲಿಗೆ ಉಣ್ಣೆಯ ಕಾಲ್ಚೀಲ ತೊಡಿಸಿ ಕಾಲ ಬಳಿ. ಬ್ಯಾಟರಿ ಚಳಿಗೆ ಸೋಲುತ್ತದೆಂದು ಫೋನು, ಟಾರ್ಚು, ನಾಳೆಯ ಕಾಲ್ಚೀಲ ಎಲ್ಲವೂ ಚೀಲದೊಳಗೆ. ಇಷ್ಟೆಲ್ಲ ಸಂಸಾರ ಹೂಡಿದ ಮೇಲೆ ನನಗೇ ಜಾಗವಿರಲಿಲ್ಲ. ಕಾಲು ಚಾಚುವ ಗಾದೆಯನ್ನು ಮಾಡಿದವರು ಒಮ್ಮೆಯಾದರೂ ಇದರೊಳಗೆ ಮಲಗಿರಬೇಕು.

ರಾತ್ರಿ ಎರಡಕ್ಕೆ ಎಚ್ಚರವಾಯಿತು. ಸಾಮಾನ್ಯ ಗಂಡಸಿಗಿಲ್ಲದ ತೊಂದರೆ. ಮೂರರವರೆಗೆ ತಡೆದೆ. ಇಷ್ಟದೇವತೆಯನ್ನು ನೆನೆದು ಮೂರೂಕಾಲರವರೆಗೆ ತಡೆದೆ. ಕೊನೆಗೆ ಜಿಪ್ ಎಳೆದು ಹೊರಗೆ ಹೋದೆ. ಹಿಮದ ಮೇಲೆ ನಕ್ಷತ್ರಗಳ ಬೆಳಕನ್ನು ಕಂಡು ಮೈಮರೆತೆ ಎಂದು ಇಲ್ಲಿ ಬರೆಯಬೇಕು. ನಾನು ತಲೆಯನ್ನೇ ಎತ್ತಲಿಲ್ಲ.

ಬೆಳಿಗ್ಗೆ ನೋಡಿದರೆ ನಮ್ಮ ಉಸಿರೇ ಡೇರೆಯ ಒಳಮೈಗೆ ಹೆಪ್ಪುಗಟ್ಟಿ, ಮುಟ್ಟಿದರೆ ಕಾಯಿತುರಿಯಂತೆ ಉದುರುತ್ತಿತ್ತು. ಡೇರೆಯ ಗೋಡೆಗೆ ತಾಗಿದ್ದ ಚೀಲದ ತುದಿ ಊಟದ ತಟ್ಟೆಯಗಲ ಒದ್ದೆಯಾಗಿತ್ತು. ಒಳಗೆ ನನ್ನ ಪಾದ ಬೆಚ್ಚಗಿತ್ತು. ಅಮ್ಮನಿಗೆ ಫೋನು ಮಾಡೋಣವೆಂದರೆ ನೆಟ್‌ವರ್ಕ್ ಇರಲಿಲ್ಲ. ಬೆಟ್ಟದ ತುದಿಯನ್ನೂ ಮುಟ್ಟಿದೆ. ಆ ಕಥೆಗೆ ಮಗಳು ಸಾಕ್ಷಿ, ವಿವರ ಕೇಳಬೇಡಿ.

ಸಿಂಥೆಟಿಕ್ ಚೀಲವನ್ನು ಅದುಮಿ ಕಟ್ಟಿಯೇ ಇಟ್ಟರೆ ಎಳೆಗಳು ಉಬ್ಬುವುದನ್ನು ಮರೆತುಬಿಡುತ್ತವೆ, ಬಿಚ್ಚಿಯೇ ಇಡಬೇಕು. ಬಿಚ್ಚಿಟ್ಟದ್ದೇ ತಪ್ಪಾಯಿತು. ಅಮ್ಮ ಜಿಪ್ಪನ್ನು ಪೂರ್ತಿ ತೆರೆದು ಹೊದ್ದು ನೋಡಿ, "ಕಂಬಳಿಯಷ್ಟಿಲ್ಲ, ಆದರೆ ಚುಚ್ಚುವುದಿಲ್ಲ" ಎಂದು ತೀರ್ಪು ಕೊಟ್ಟಳು. ಅಂದಿನಿಂದ ಅದು ಅವಳ ಮಂಚದ ಮೇಲಿದೆ. ಓದುಗರಲ್ಲಿ ಯಾರಾದರೂ ಹಿಮಾಲಯಕ್ಕೆ ಹೊರಟಿದ್ದರೆ ಧಾರಾಳವಾಗಿ ಎರವಲು ಒಯ್ಯಿರಿ. ಅಮ್ಮನನ್ನು ಒಪ್ಪಿಸುವ ಕೆಲಸ ಮಾತ್ರ ನಿಮ್ಮದು.