ಪಾಸ್ ಕಾಕಾ

ಧಾರವಾಡ, ಬೆಳಗಾವಿ ಕಡೆ ಓಣಿಗೊಬ್ಬ ಪಾಸ್ ಕಾಕಾ ಇದ್ದೇ ಇರುತ್ತಾರೆ. ನಿವೃತ್ತರು, ಇಸ್ತ್ರಿ ಮುರಿಯದ ಅಂಗಿಯವರು, ಫೋನಿನಲ್ಲಿ ಮಾತನಾಡುವಾಗ ಓಣಿಗೆಲ್ಲ ಕೇಳಿಸುವವರು. ಅಕ್ಟೋಬರ್ ಬಂತೆಂದರೆ ಇವರಿಗೆ ನಿದ್ದೆ ಇಲ್ಲ. 23, 24, 25ಕ್ಕೆ ಕಿತ್ತೂರು ಉತ್ಸವ. ಅದಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಕೋಟೆಗೆ ಹೋಗಬಹುದು. ಕಾಕಾನ ಸಂಕಟವೂ ಅದೇ.

“ಎಲ್ಲಾರನ್ನೂ ಬಿಡತಾರಲ್ರೀ ಕಾಕಾ, ಪಾಸ್ ಯಾಕ ಬೇಕು?” ಎಂದು ಕೇಳಿ ನೋಡಿ.

“ಎಲ್ಲಾರನ್ನೂ ಬಿಡೋ ಕಡೆ ನಾ ಯಾಕ ಹೋಗ್ಲೋ? ಎಲ್ಲಾರನ್ನೂ ತಡದು ನನ್ನೊಬ್ಬನ್ನ ಬಿಡಬೇಕು. ಅದಕ್ಕ ಉತ್ಸವ ಅಂತಾರ.”

ಹೀಗಾಗಿ ತಹಶೀಲ್ದಾರ್ ಕಚೇರಿ ಗುಮಾಸ್ತರ ಷಡ್ಡಕನಿಂದ ಹಿಡಿದು ಪೆಂಡಾಲ್ ಹಾಕುವವನ ಮಾವನವರೆಗೆ ಎಲ್ಲರ ಮನೆಯ ಚಹಾ ಕುಡಿದಾಗಿರುತ್ತದೆ. ಗಣ್ಯರ ಪಾಸು, ಅತಿಗಣ್ಯರ ಪಾಸು, ಗಾಡಿ ನಿಲ್ಲಿಸುವ ಪಾಸು, ಊಟದ ಪಾಸು. ಗಾಡಿ ಇಲ್ಲದಿದ್ದರೂ ಗಾಡಿ ಪಾಸು ಬೇಕೇ ಬೇಕು. ಹಳೆಯ ಪಾಸುಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದಾರೆ. ಬ್ರಿಟಿಷರ ಮೇಲೆ ಕಿತ್ತೂರು ರಾಣಿ ಚೆನ್ನಮ್ಮ ಸಾಧಿಸಿದ ವಿಜಯಕ್ಕೆ 200 ವರ್ಷ ತುಂಬಿದ 2024ರ ಪಾಸಿಗೆ ಮಾತ್ರ ಬೇರೆ ಪ್ಲಾಸ್ಟಿಕ್ ಚೀಲ.

ಕಾಕಾಗೆ ಇತಿಹಾಸ ಗೊತ್ತಿಲ್ಲವೆಂದಲ್ಲ, ಆದರೆ ಅದೂ ಪಾಸಿನ ಬಾಗಿಲಿನಿಂದಲೇ ಒಳಗೆ ಬರಬೇಕು. “1824, ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ತೋಪು, ದಂಡು ಕಟಗೊಂಡು ಇದ ಕೋಟಿ ಬಾಗಲ ಮುಂದ ನಿಂತಿದ್ದ. ಕಲೆಕ್ಟರಗೂ ಬಾಗಲಾ ತಗೀಲಿಲ್ಲ ನೋಡು! ತಗದದ್ದು ಯಾವಾಗ? ಸರದಾರ ಗುರುಸಿದ್ದಪ್ಪನ ದಂಡು ಹೊರಗ ಬರೂವಾಗ. ಅಮಟೂರ ಬಾಳಪ್ಪನ ಒಂದ ಗುಂಡಿಗೆ ಸಾಹೇಬ ಮುಗದಾ.” ಇಷ್ಟು ಹೇಳಿ ನಿಟ್ಟುಸಿರುಬಿಟ್ಟು ತೀರ್ಪು ಕೊಡುತ್ತಾರೆ: “ವಶೀಲಿ ಇಲ್ಲದ ಬಂದ್ರ ಹಿಂಗ ಆಗ್ತದ.”

ಮೊದಲ ದಿನ ಕಿತ್ತೂರಿನ ಬೀದಿಯಲ್ಲಿ ಮೆರವಣಿಗೆ. ಡೊಳ್ಳಿನವರು, ಕರಡಿ ಮಜಲಿನವರು, ಖಡ್ಗ ಹಿಡಿದು ಒಡಪು ಹೇಳುವ ಪುರವಂತರು. ಹಿಂದೆ ಜಗ್ಗಲಗಿ ಬರುತ್ತದೆ: ಎತ್ತಿನ ಗಾಡಿಯ ಗಾಲಿಗೆ ಚರ್ಮ ಬಿಗಿದ ವಾದ್ಯ, ಉರುಳಿಸುತ್ತಲೇ ಬಾರಿಸುತ್ತಾರೆ. ಕೇಳುವವರ ಎದೆಗೂಡೇ ಅದುರುತ್ತದೆ. ಇದೆಲ್ಲ ಕಾಕಾನ ಮೊಳಕೈಗೆ ತಾಗುವಷ್ಟು ಹತ್ತಿರ ಹಾದುಹೋಗುತ್ತದೆ. ಕಾಕಾ ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನಿಟ್ಟು ಕೂಗುತ್ತಿರುತ್ತಾರೆ: “ಏ, ಒಂದೀಟು ಡೊಳ್ಳು ನಿಲ್ಲಸ್ರೋ! ಉತ್ಸವದ ಪಾಸಿನ ಮಾತು ನಡದೈತಿ!”

ಪಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂರಿಸಿದ ಕೊಳವೆಯೊಂದಿದೆ. ಕಂಡವರೆಲ್ಲ ಬಗ್ಗಿ ಕಣ್ಣಿಡುತ್ತಾರೆ. ಕಾಕಾ ಇದುವರೆಗೆ ಇಣುಕಿಲ್ಲ. ಅದಕ್ಕೆ ಪಾಸು ಕೊಡುವ ಪದ್ಧತಿ ಇನ್ನೂ ಬಂದಿಲ್ಲ. ಹೊರಗೆ ಬಿಸಿ ಮಿರ್ಚಿ, ಗಿರ್ಮಿಟ್ ಸಿಗುತ್ತಿದ್ದರೂ ಅವರು ನಿಂತಿರುವುದು ಆರಿದ ಪಲಾವಿನ ಸರತಿಯಲ್ಲಿ. ಅದು ಪಾಸಿನ ಪಲಾವು.

ಸಂಜೆ ಹೊತ್ತಿಗೆ ಅಂತೂ ಕೊರಳಿಗೆ ಪಾಸು ಬೀಳುತ್ತದೆ. ಸೋಫಾ ಸಿಗುತ್ತದೆ. ಎದುರಿಗೆ ಕ್ಯಾಮೆರಾದವರ ಬೆನ್ನುಗಳು ಸಾಲಾಗಿ ನಿಂತಿರುವುದರಿಂದ ವೇದಿಕೆ ಕಾಣುವುದಿಲ್ಲ. ಕಾಕಾಗೆ ಅದರ ಚಿಂತೆ ಇಲ್ಲ. ಆಗಾಗ ಎದ್ದು ಹಿಂದೆ ತಿರುಗಿ, ಕಟ್ಟಿಗೆಯ ಬೇಲಿಯಾಚೆಯ ಮಂದಿಗೆ ತಾನು ಕಾಣುತ್ತೇನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಸ್ವಾಗತ, ಸನ್ಮಾನ, ಭಾಷಣ ಮುಗಿದು ಮಂತ್ರಿಗಳು ಎದ್ದರೆ ಅರ್ಧ ಸೋಫಾ ಖಾಲಿ. ಗೀಗೀ ಮೇಳದವರು ದಪ್ಪು ಹಿಡಿದು ವೇದಿಕೆ ಹತ್ತುವುದು ಆಗಲೇ. ಕಾಕಾ ಕೂಡ ಎದ್ದುಬಿಡುತ್ತಾರೆ. “ದೊಡ್ಡ ಮಂದಿ ಎಲ್ಲಾ ಹ್ವಾದ ಮ್ಯಾಲೆ ನಾ ಒಬ್ಬನ ಕೂತ್ರ, ಪಾಸ್ ಇಲ್ಲದ ನುಸುಳ್ಯಾನ ಅನ್ನೂದಿಲ್ಲೇನು?”

ಇತ್ತ ಕಾಕಾನ ಹೆಂಡತಿ ಕಾಕು ಓಣಿಯ ಹೆಂಗಸರ ಜೋಡಿ ಬಸ್ ಹತ್ತಿ ಬಂದವರು ತಾಡಪತ್ರಿಯ ಮೇಲೆ ಕೂತು ಎಲ್ಲವನ್ನೂ ನೋಡಿರುತ್ತಾರೆ. ಹಗಲು ಕುಸ್ತಿ, ರಾತ್ರಿ ಹರದೇಶಿ-ನಾಗೇಶಿ. ಗಂಡು ಹೆಚ್ಚೆಂದು ಹರದೇಶಿಯವ, ಹೆಣ್ಣು ಹೆಚ್ಚೆಂದು ನಾಗೇಶಿಯವಳು ಸವಾಲಿಗೆ ಸವಾಲು ಹಾಡಿದ್ದಾರೆ. ಚೆನ್ನಮ್ಮನ ಕೋಟೆಯೊಳಗೆ ಹರದೇಶಿಯವನ ಗತಿ ಏನಾಗಿರಬೇಕು, ನೀವೇ ಊಹಿಸಿ. ಮರುದಿನ ಬೆಳಿಗ್ಗೆ ಕಾಕು ಅದನ್ನು ಕೈ ತಿರುವಿ ಅಭಿನಯಿಸಿ ತೋರಿಸುವಾಗ ಕಾಕಾ ತಡೆಯುತ್ತಾರೆ.

“ನೀ ಯಾವ ಗೇಟಿನಿಂದ ಒಳಗ ಹ್ವಾದಿ?”

“ಗೇಟೇನ್ರಿ, ಮಂದಿ ಹ್ವಾದಲ್ಲಿಂದ ಹ್ವಾದೆ.”

“ಹಂಗಾರ ಅದು ನೋಡಿದ ಲೆಕ್ಕಕ್ಕ ಬರೂದಿಲ್ಲ ಬಿಡು.”

ಕಾಕು ಚಹಾದ ಕಪ್ಪು ಮುಂದಿಡುತ್ತಾರೆ. “ಮುಂದಿನ ವರ್ಷ ನಿಮಗ ಪಾಸ್ ಸಿಗಲಿಲ್ಲಂದ್ರ ನನ್ನ ಜೋಡಿ ಬರ್ರಿ. ತಾಡಪತ್ರ್ಯಾಗ ನಂದು ಭಾಳ ವಶೀಲಿ ಐತಿ. ಒಂದೀಟು ಸರದು ಕೂಡಸ್ಕೋತಾರ.”