ದ್ಯೂತಷೇರು ಮೀಮಾಂಸೆ

ಜೂಜಾಡುವವನು ಕೆಡುತ್ತಾನೆ ಎಂಬ ವಿಷಯದಲ್ಲಿ ನಮ್ಮ ಪರಂಪರೆಗೆ ಎರಡನೆಯ ಮಾತಿಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲೇ ಒಬ್ಬ ಜೂಜುಕೋರ ಹೆಂಡತಿ ಹೊರಗೆ ಹಾಕಿದಳು, ಅತ್ತೆಗೆ ಮುಖ ಕಂಡರಾಗದು ಎಂದು ಗೋಳಾಡುತ್ತಾನೆ. ನಳ ರಾಜ್ಯ ಕಳೆದುಕೊಂಡು ಕಾಡು ಸೇರಿದ. ಧರ್ಮರಾಯ ರಾಜ್ಯ ಸಾಲದೆ ತಮ್ಮಂದಿರನ್ನೂ ಹೆಂಡತಿಯನ್ನೂ ಒಡ್ಡಿದ. ಇಷ್ಟೊಂದು ಸಾಮಗ್ರಿ ಕೈಯಲ್ಲಿದ್ದೂ ಪಂಡಿತರು ಸೋತವನ ಬಗ್ಗೆಯೇ ವ್ಯಾಖ್ಯಾನದ ಮೇಲೆ ವ್ಯಾಖ್ಯಾನ ಬರೆದರೇ ಹೊರತು, ಆಟ ನಡೆದ ಕಟ್ಟೆಯ ಯಜಮಾನನಿಗೆ ಎಷ್ಟು ಉಳಿಯಿತು ಎಂದು ಯಾರೂ ಕೇಳಲಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟಿದೆ. ನಮ್ಮ ಪ್ರತಿಜ್ಞೆ ಇಷ್ಟೇ: ಜೂಜಾಡುವುದು ಅಧರ್ಮ, ಆಡಿಸುವುದು ವ್ಯಾಪಾರ, ಆಡಿಸುವ ಕಂಪನಿಯ ಷೇರು ಕೊಂಡು ಡಿಮ್ಯಾಟ್ ಖಾತೆಯಲ್ಲಿಟ್ಟು ದೇವರಿಗೆ ದೀಪ ಹಚ್ಚುವುದು ಗೃಹಸ್ಥಧರ್ಮ.

ಶಬ್ದಪ್ರಮಾಣದಿಂದ ತೊಡಗೋಣ. ಕೌಟಿಲ್ಯನ ಅರ್ಥಶಾಸ್ತ್ರ ಜೂಜನ್ನು ನಿಷೇಧಿಸುವ ಗೋಜಿಗೆ ಹೋಗುವುದಿಲ್ಲ. ಅದು ಒಂದೇ ಕಡೆ ನಡೆಯಲಿ ಎಂದು ದ್ಯೂತಾಧ್ಯಕ್ಷನನ್ನು ನೇಮಿಸುತ್ತದೆ, ಬೇರೆಡೆ ಆಡಿದವನಿಗೆ 12 ಪಣ ದಂಡ ಹಾಕುತ್ತದೆ. ಗೆದ್ದವನಿಂದ ನೂರಕ್ಕೆ ಐದು ಅಧ್ಯಕ್ಷನಿಗೆ. ದಾಳದ ಬಾಡಿಗೆ, ನೀರಿನ ದುಡ್ಡು, ಜಾಗದ ದುಡ್ಡು ಬೇರೆ. (ಈಗಿನ ಆ್ಯಪ್‌ಗಳಲ್ಲಿ ಇದಕ್ಕೆ ಪ್ಲಾಟ್‌ಫಾರ್ಮ್ ಫೀ ಎಂದು ಹೆಸರು, ನೀರು ಮಾತ್ರ ಕೊಡುವುದಿಲ್ಲ.) ಯಾಜ್ಞವಲ್ಕ್ಯ ಸ್ಮೃತಿ ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ. ಸಭಿಕ, ಅಂದರೆ ಜೂಜುಕಟ್ಟೆಯ ಯಜಮಾನ, ನೂರು ಮತ್ತು ಅದಕ್ಕೆ ಮೇಲ್ಪಟ್ಟು ಗೆದ್ದ ಪಳಗಿದ ಆಟಗಾರನಿಂದ ನೂರಕ್ಕೆ ಐದನ್ನೂ ಉಳಿದ ಬಡಪಾಯಿಗಳಿಂದ ನೂರಕ್ಕೆ ಹತ್ತನ್ನೂ ತೆಗೆದುಕೊಳ್ಳಬೇಕು. ವಿಐಪಿ ಗಿರಾಕಿಗೆ ರಿಯಾಯಿತಿ ಕೊಡುವ ಪದ್ಧತಿ ಲಂಡನ್ನಿನಲ್ಲಿ ಹುಟ್ಟಿತೆಂಬ ವಾದ ಇಲ್ಲಿಗೆ ಬಿದ್ದುಹೋಯಿತು. ಈ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆ ಬರೆದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದವನು. ಆದ್ದರಿಂದ ಬೆಟ್ಟಿಂಗ್ ಕಂಪನಿಗಳ ಲಾಭಾಂಶ ವಿಶ್ಲೇಷಣೆಗೆ ಬೀದರ್ ಜಿಲ್ಲೆ ಜಿಐ ಟ್ಯಾಗ್ ಕೇಳಿದರೆ ಆಕ್ಷೇಪಿಸುವಂತಿಲ್ಲ. ಇನ್ನು ಮೃಚ್ಛಕಟಿಕದ ಎರಡನೆಯ ಅಂಕ. ಹತ್ತು ಸುವರ್ಣ ಸೋತ ಸಂವಾಹಕ ಓಡುತ್ತಾನೆ, ಸಭಿಕ ಮಾಥುರ ಅಟ್ಟಿಸಿಕೊಂಡು ಬರುತ್ತಾನೆ, ವಸಂತಸೇನೆ ತನ್ನ ಕಡಗ ಕೊಟ್ಟು ಬಿಡಿಸುತ್ತಾಳೆ. ವಿಮರ್ಶಕರು ಇಲ್ಲಿ ಕರುಣೆಯನ್ನು ಕಂಡಿದ್ದಾರೆ. ನಾವು ಲೆಕ್ಕವನ್ನು ಕಾಣುತ್ತೇವೆ: ಸೋತವನು ಭಿಕ್ಷುವಾದ, ಬಿಡಿಸಿದವಳು ಒಡವೆ ಕಳೆದುಕೊಂಡಳು, ಮಾಥುರನ ಬಾಕಿ ಚುಕ್ತಾ ಆಯಿತು.

ಶಾಸ್ತ್ರ ಒಲ್ಲದವರಿಗೆ ಗಣಿತವಿದೆ. ಯುರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆ. ಒಂದು ಅಂಕಿಗೆ ಕಟ್ಟಿ ಗೆದ್ದವನಿಗೆ ಕಟ್ಟಿದ್ದರ ಜೊತೆಗೆ ಕೊಡುವುದು 35 ಪಟ್ಟು. ಚಕ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ, ಆದರೂ ಕಟ್ಟಿದ ಪ್ರತಿ ನೂರು ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಯಜಮಾನನ ಗಲ್ಲಾಪೆಟ್ಟಿಗೆಗೆ ಜಾರುತ್ತದೆ. ಬುಕ್ಕಿಯ ಕೆಲಸವೂ ಇದೇ. ಸಮಬಲದ ಎರಡು ತಂಡಗಳ ಮೇಲೆ ಇಬ್ಬರು ತಲಾ ನೂರು ಕಟ್ಟಿದರೆ ಗೆದ್ದವನ ಕೈಗೆ ಇನ್ನೂರರ ಬದಲು 190ರ ಆಸುಪಾಸು ಬರುತ್ತದೆ. ಉಳಿದದ್ದು ಯಾವ ತಂಡವನ್ನೂ ಬೆಂಬಲಿಸದೆ ಕೂತವನದು. ಇಂಥ ನಿರ್ಲಿಪ್ತಿಯನ್ನು ಕರ್ಮಯೋಗವೆನ್ನದೆ ಬೇರೇನೆನ್ನೋಣ? ಗಣಿತವೂ ಒಲ್ಲದವರಿಗೆ ಆದಾಯ ತೆರಿಗೆ ಕಾನೂನಿದೆ. ಭಾರತದಲ್ಲಿ ಪಾಪಪುಣ್ಯಗಳನ್ನು ಶೇಕಡಾವಾರು ಅಳೆದುಕೊಡುವ ಏಕೈಕ ಗ್ರಂಥ ಅದು. ಲಾಟರಿಯಲ್ಲೋ ಕುದುರೆಯಲ್ಲೋ ಗೆದ್ದ ಹಣಕ್ಕೆ ಅದು ನೂರಕ್ಕೆ 30 ಕೀಳುತ್ತದೆ, ಸೋತದ್ದನ್ನು ಬೇರೆ ಆದಾಯದಲ್ಲಿ ಕಳೆಯಗೊಡುವುದಿಲ್ಲ. ಅದೇ ಜೂಜಿನ ಕಂಪನಿಯ ಷೇರನ್ನು ವರ್ಷದ ಮೇಲೆ ಇಟ್ಟುಕೊಂಡು ಮಾರಿದವನಿಗೆ ಮೊದಲ 1.25 ಲಕ್ಷ ರೂಪಾಯಿ ಲಾಭ ಮಾಫಿ, ಮಿಕ್ಕಿದ್ದಕ್ಕೆ ನೂರಕ್ಕೆ 12.5. ಅಂದರೆ ಷೇರುದಾರ ಜೂಜುಕೋರನಿಗಿಂತ ಹದಿನೇಳೂವರೆ ಅಂಶ ಹೆಚ್ಚು ಸಜ್ಜನ. ನಷ್ಟವಾದರೂ ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ಯುವ ಸೌಲಭ್ಯ ಅವನಿಗುಂಟು. ಧರ್ಮರಾಯ ಹದಿಮೂರು ವರ್ಷ ಹೊತ್ತ, ಒಂದು ಕಾಸೂ ವಜಾ ಸಿಗಲಿಲ್ಲ.

ಇಲ್ಲಿ ಮೊದಲನೆಯ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಆ ಗಲ್ಲಾಪೆಟ್ಟಿಗೆಗೆ ಜಾರುವುದು ಯಾರದೋ ಮನೆಯ ಅಕ್ಕಿಯ ದುಡ್ಡಲ್ಲವೇ? ಹೌದು, ಆದರೆ ಷೇರುದಾರನಿಗೂ ಆ ಮನೆಗೂ ನಡುವಿನ ದೂರವನ್ನು ಗಮನಿಸಬೇಕು. ಬುಕ್ಕಿಗೂ ಗಿರಾಕಿಗೂ ನಡುವೆ ಆ್ಯಪ್ ಇದೆ, ಆ್ಯಪಿಗೂ ಕಂಪನಿಗೂ ನಡುವೆ ಜಿಬ್ರಾಲ್ಟರಿನಲ್ಲೋ ಮಾಲ್ಟಾದಲ್ಲೋ ಒಂದು ಅಂಗಸಂಸ್ಥೆ, ಕಂಪನಿಗೂ ಷೇರುದಾರನಿಗೂ ನಡುವೆ ಮ್ಯೂಚುವಲ್ ಫಂಡ್. ಇಷ್ಟು ಮಡಿ ದಾಟಿ ಬಂದ ದುಡ್ಡಿಗೆ ಮೈಲಿಗೆ ಅಂಟಿಕೊಂಡಿರಲು ಸಾಧ್ಯವಿಲ್ಲ. ಪ್ರಾಯಶ್ಚಿತ್ತವನ್ನೂ ಕಂಪನಿಯೇ ಮಾಡಿಕೊಳ್ಳುತ್ತದೆ. ಗಿರಾಕಿಗಳ ರಕ್ಷಣೆಯಲ್ಲೂ ಕಪ್ಪುಹಣ ತಡೆಯುವಲ್ಲೂ ಸೋತದ್ದಕ್ಕೆ ಬ್ರಿಟನ್ನಿನ ಜೂಜು ಆಯೋಗ 2022ರಲ್ಲಿ ಎಂಟೈನ್ ಕಂಪನಿಗೆ 1.7 ಕೋಟಿ ಪೌಂಡನ್ನೂ 2023ರಲ್ಲಿ ವಿಲಿಯಂ ಹಿಲ್ ಸಮೂಹಕ್ಕೆ 1.92 ಕೋಟಿ ಪೌಂಡನ್ನೂ ವಿಧಿಸಿತು. ಷೇರುದಾರರು ಗಂಗೆಯವರೆಗೆ ಹೋಗಬೇಕಾಗಲಿಲ್ಲ. ಇದಲ್ಲದೆ, ಸಜ್ಜನರ ಸಂಕೋಚವೇ ಈ ಷೇರುಗಳ ನಿಜವಾದ ಬಂಡವಾಳ. ಹ್ಯಾರಿಸನ್ ಹಾಂಗ್ ಮತ್ತು ಮಾರ್ಚಿನ್ ಕಾಟ್ಸ್‌ಪರ್ಚಿಕ್ ಎಂಬ ಅರ್ಥಶಾಸ್ತ್ರಜ್ಞರು 2009ರ ಅಧ್ಯಯನದಲ್ಲಿ ಹೆಂಡ, ತಂಬಾಕು, ಜೂಜಿನ ಷೇರುಗಳು ಅಮೆರಿಕದಲ್ಲಿ ಉಳಿದವಕ್ಕಿಂತ ಹೆಚ್ಚು ಪ್ರತಿಫಲ ಕೊಟ್ಟಿವೆಯೆಂದು ತೋರಿಸಿದರು. ಲೋಕಾಪವಾದಕ್ಕೆ ಹೆದರುವ ಪಿಂಚಣಿ ನಿಧಿ, ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳು ಅವನ್ನು ಕಡಿಮೆ ಕೊಳ್ಳುವುದರಿಂದ ಅವು ಅಗ್ಗಕ್ಕೆ ಸಿಗುತ್ತವೆ ಎಂಬುದು ಅವರ ವಿವರಣೆ. ಆದ್ದರಿಂದ ಜೂಜಿನ ವಿರುದ್ಧ ಊರೂರಲ್ಲಿ ಭಾಷಣ ಮಾಡಿಸುವುದು ಜೂಜಿನ ಷೇರುದಾರನ ಕರ್ತವ್ಯವೇ ಆಗುತ್ತದೆ.

ಎರಡನೆಯ ಪೂರ್ವಪಕ್ಷವನ್ನು ಬೇಗ ಮುಗಿಸಬಹುದು. ಕಟ್ಟೆಯ ಯಜಮಾನನೂ ಸೋಲುವುದುಂಟಲ್ಲ, 2015-16ರಲ್ಲಿ ಲೆಸ್ಟರ್ ಸಿಟಿ ಫುಟ್‌ಬಾಲ್ ತಂಡದ ಮೇಲೆ ಒಂದಕ್ಕೆ 5,000 ಕೊಡುತ್ತೇವೆಂದ ಬುಕ್ಕಿಗಳು ಅದು ಪ್ರೀಮಿಯರ್ ಲೀಗ್ ಗೆದ್ದಾಗ ಬೆಪ್ಪಾಗಲಿಲ್ಲವೇ ಎನ್ನುತ್ತಾರೆ. ಬೆಪ್ಪಾದರು ನಿಜ, ಆದರೆ ಒಂದು ಪೌಂಡಿಗೆ ಐದು ಸಾವಿರ ಬಂದ ಕಥೆಗಿಂತ ಒಳ್ಳೆಯ ಜಾಹೀರಾತು ಯಾವ ಏಜೆನ್ಸಿಯಿಂದ ಸಿಗುತ್ತದೆ? ಪದೇಪದೇ ಗೆಲ್ಲುವವನಿಗೆ ಬೇರೆ ಉಪಾಯವಿದೆ. ಬ್ರಿಟನ್ನಿನ ಬುಕ್ಕಿಗಳು ಜಾಣ ಗಿರಾಕಿಯನ್ನು ಬೇಗ ಗುರುತಿಸಿ ಅವನು ಕಟ್ಟಬಹುದಾದ ಮೊತ್ತವನ್ನು ಚಿಲ್ಲರೆಗೆ ಇಳಿಸುತ್ತಾರೆ, ಇಲ್ಲವೇ ಖಾತೆಯನ್ನೇ ಮುಚ್ಚುತ್ತಾರೆ. ಹಸ್ತಿನಾವತಿಯ ಸಭೆಯನ್ನು ಲೈಸೆನ್ಸ್ ಪಡೆದ ಕಂಪನಿ ನಡೆಸುತ್ತಿದ್ದರೆ ಶಕುನಿಯ ಖಾತೆ ಮೂರನೆಯ ದಾಳಕ್ಕೆ ಬಂದ್ ಆಗಿರುತ್ತಿತ್ತು, ಧರ್ಮರಾಯನಿಗೆ ಬೋನಸ್ ಕೂಪನ್ ಬರುತ್ತಿತ್ತು, ಯುದ್ಧ ತಪ್ಪುತ್ತಿತ್ತು.

ಮೂರನೆಯ ಪೂರ್ವಪಕ್ಷಿ ಓದಿಕೊಂಡವನು. ಸ್ಥಳಾಭಾವದಿಂದ ನಾವು ಮೇಲೆ ಬಿಟ್ಟಿದ್ದ ಯಾಜ್ಞವಲ್ಕ್ಯನ ಮುಂದಿನ ಶ್ಲೋಕವನ್ನೇ ಅವನು ಹಿಡಿದು ಬಂದಿದ್ದಾನೆ: ಸಭಿಕನು ತನ್ನನ್ನು ಕಾಪಾಡುವ ರಾಜನಿಗೆ ಗೊತ್ತುಪಡಿಸಿದ ಪಾಲು ಕೊಡತಕ್ಕದ್ದು. ಗೊತ್ತುಪಡಿಸುವವನು ಯಾರು, ಎಷ್ಟು, ಯಾವಾಗ ಬದಲಾಯಿಸುತ್ತಾನೆ? ಅವನ ಉದಾಹರಣೆಗಳು ಉದ್ದವಾಗಿವೆ, ಬಲವಾಗಿಯೂ ಇವೆ. ಪಾರ್ಟಿಗೇಮಿಂಗ್ ಎಂಬ ಆನ್‌ಲೈನ್ ಪೋಕರ್ ಕಂಪನಿ 2005ರ ಜೂನಿನಲ್ಲಿ ಲಂಡನ್ ಷೇರುಪೇಟೆಗೆ ಬಂತು, ಕೆಲವೇ ತಿಂಗಳಲ್ಲಿ ಬ್ರಿಟನ್ನಿನ ನೂರು ದೊಡ್ಡ ಕಂಪನಿಗಳ ಸಾಲಿಗೆ ಸೇರಿತು. ಆಡುವವರು ಬಹುಪಾಲು ಅಮೆರಿಕನ್ನರು. 2006ರ ಸೆಪ್ಟೆಂಬರ್ ಕೊನೆಗೆ ಅಮೆರಿಕದ ಕಾಂಗ್ರೆಸ್ ಬಂದರುಗಳ ಭದ್ರತೆಯ ಮಸೂದೆಯೊಂದರ ಬಾಲಕ್ಕೆ ಆನ್‌ಲೈನ್ ಜೂಜಿನ ಹಣಪಾವತಿ ತಡೆಯುವ ಕಾನೂನನ್ನು ಕಟ್ಟಿ ಪಾಸು ಮಾಡಿತು. ಅಕ್ಟೋಬರ್ 2ರಂದು ಒಂದೇ ದಿನ ಷೇರಿನ ಬೆಲೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಆ ಪೋಕರ್ ಸಾಫ್ಟ್‌ವೇರಿನ ಕರ್ತೃ, ದೆಹಲಿ ಐಐಟಿಯ ಪದವೀಧರ ಅನುರಾಗ್ ದೀಕ್ಷಿತ್ 2008ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ಕಟ್ಟಲು ಒಪ್ಪಿದರು. 2019ರ ಏಪ್ರಿಲಿನಲ್ಲಿ ಬ್ರಿಟನ್ ತನ್ನ ಬೆಟ್ಟಿಂಗ್ ಅಂಗಡಿಗಳ ಯಂತ್ರಗಳಲ್ಲಿ ಒಂದು ಸಲಕ್ಕೆ ಕಟ್ಟಬಹುದಾದ ಗರಿಷ್ಠ ಮೊತ್ತವನ್ನು 100 ಪೌಂಡಿನಿಂದ 2 ಪೌಂಡಿಗೆ ಇಳಿಸಿತು; ವಿಲಿಯಂ ಹಿಲ್ ಸುಮಾರು 700 ಅಂಗಡಿ ಮುಚ್ಚುವ ಯೋಜನೆ ಪ್ರಕಟಿಸಿತು. 2025ರ ನವೆಂಬರ್ ಬಜೆಟ್ಟಿನಲ್ಲಿ ಆನ್‌ಲೈನ್ ಕ್ಯಾಸಿನೊ ಸುಂಕ ಶೇ 21ರಿಂದ 40ಕ್ಕೆ ಜಿಗಿಯಿತು. ಇತ್ತ ನಮ್ಮಲ್ಲಿ 2023ರ ಜುಲೈ 11ರಂದು ಜಿಎಸ್‌ಟಿ ಮಂಡಳಿ ಕಟ್ಟಿದ ಪೂರ್ತಿ ಮೊತ್ತದ ಮೇಲೆ ಶೇ 28 ತೆರಿಗೆ ಎಂದಿತು. ಗೋವಾದ ತೇಲುವ ಕ್ಯಾಸಿನೊಗಳ ಒಡೆಯ ಡೆಲ್ಟಾ ಕಾರ್ಪ್‌ನ ಷೇರು ಮರುದಿನವೇ ಐದರಲ್ಲೊಂದು ಪಾಲಿನಷ್ಟು ಕುಸಿಯಿತು. ಸೆಪ್ಟೆಂಬರಿನಲ್ಲಿ ಅದೇ ಕಂಪನಿಗೆ ಹಳೆಯ ಬಾಕಿಯೆಂದು 11,139 ಕೋಟಿ ರೂಪಾಯಿಯ ನೋಟಿಸು ಬಂತು. ಕಂಪನಿಯನ್ನೇ ಮಾರಿದರೂ ಆಗ ಪೇಟೆಯಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲ.

ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ, ಅರಗಿಸಿಕೊಳ್ಳುತ್ತೇವೆ. ಸಭಿಕನ ಮೇಲೊಬ್ಬ ಸಭಿಕನಿದ್ದಾನೆ, ಅವನೇ ರಾಜ ಎಂದ ಮೇಲೆ ಷೇರುದಾರ ಆಡುತ್ತಿರುವುದು ಒಂದೇ ದಾಳದ ಆಟ, ಎಸೆಯುವವನು ಹಣಕಾಸು ಮಂತ್ರಿ. ಹಾಗಾದರೆ ಇದು ಜೂಜಾಯಿತಲ್ಲ ಎಂದು ಪೂರ್ವಪಕ್ಷಿ ಕೈತಟ್ಟುವ ಮೊದಲು ನ್ಯಾಯಶಾಸ್ತ್ರವನ್ನು ನೆನೆಯಲಿ. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಕೌಶಲ ಮುಖ್ಯ, ಆದ್ದರಿಂದ ಅದು ಜೂಜಲ್ಲ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದೆ. 1996ರಲ್ಲಿ ಕುದುರೆ ಪಂದ್ಯಕ್ಕೂ ಅದೇ ಗೌರವ ದೊರೆಯಿತು. ಕೈಗೆ ಬಂದ ಹದಿಮೂರು ಎಲೆಗಳನ್ನು ಜೋಡಿಸುವುದು ಕೌಶಲವಾದರೆ ಸಂಸತ್ತಿನ ಮುಂದಿನ ನಡೆಯನ್ನು ಊಹಿಸುವುದು ಮಹಾಕೌಶಲ. ದುರದೃಷ್ಟಕ್ಕೆ 2025ರ ಆಗಸ್ಟ್ ತಿಂಗಳು ಈ ವಾದದ ಕಾಲನ್ನೇ ಮುರಿಯಿತು. ಆನ್‌ಲೈನ್ ಗೇಮಿಂಗ್ ಮಸೂದೆ 20ರಂದು ಲೋಕಸಭೆ, 21ರಂದು ರಾಜ್ಯಸಭೆ ದಾಟಿ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಮಹಾಕೌಶಲವುಳ್ಳವರಿಗೆ ಮಾರಿ ಹೊರಬೀಳಲು ಸಿಕ್ಕ ಅವಧಿ ಅಷ್ಟೇ. ಕೌಶಲವೋ ಅದೃಷ್ಟವೋ ಎರಡೂ ಬೆರೆತದ್ದೋ ಎಂಬ ಭೇದವನ್ನೇ ಅದು ಅಳಿಸಿ, ದುಡ್ಡು ಕಟ್ಟಿ ದುಡ್ಡಿನ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಜಂಗ್ಲೀ ರಮ್ಮಿಯನ್ನು ಕೊಂಡಿದ್ದ ಫ್ಲಟರ್‌ನಂಥ ಜಾಗತಿಕ ದೈತ್ಯವೂ ಇಲ್ಲಿನ ಹಣದಾಟಕ್ಕೆ ಬೀಗ ಹಾಕಿತು. ಆದರೆ ಕಾನೂನಿನ ಔದಾರ್ಯ ನೋಡಿ: ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ; ಆಡುವವನು ಬಲಿಪಶು, ಅವನಿಗೆ ಶಿಕ್ಷೆಯಿಲ್ಲ; ಷೇರುದಾರನ ಹೆಸರೇ ಇಲ್ಲ. ಮೊಬೈಲಿನಲ್ಲೇ ದುಡ್ಡು ಕಟ್ಟಿ, ದುಡ್ಡಿನ ಆಸೆಯಿಂದಲೇ ಬೆರಳು ಒತ್ತಿ, ಕೌಶಲವೂ ಅದೃಷ್ಟವೂ ಬೆರೆತ ಫಲಕ್ಕಾಗಿ ಕಾಯುವವನು ಆ ವ್ಯಾಖ್ಯೆಯಿಂದ ಹೇಗೆ ತಪ್ಪಿಸಿಕೊಂಡ ಎಂದರೆ, ಅವನು ಮಾಡುವುದನ್ನು ಯಾರೂ ಆಟ ಎಂದು ಕರೆದಿಲ್ಲ.

ಉಳಿದದ್ದು ಒಂದೇ ಪ್ರಶ್ನೆ: ಹಾಗಾದರೆ ಯಾವ ಕಟ್ಟೆಯ ಷೇರು ಕೊಳ್ಳಬೇಕು? ಸೋಲುವವರ ಗಾತ್ರವೇ ಇಲ್ಲಿ ಪ್ರಮಾಣ. ಆನ್‌ಲೈನ್ ಹಣದಾಟದಲ್ಲಿ ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂಬುದು ಮಸೂದೆಯ ಹೊತ್ತಿಗೆ ಸರ್ಕಾರದ ಕಡೆಯಿಂದ ಬಂದ ಅಂದಾಜು. ಷೇರುಪೇಟೆಯ ಫ್ಯೂಚರ್ಸ್-ಆಪ್ಷನ್ಸ್ ವಹಿವಾಟಿನಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಬಿಡಿ ಹೂಡಿಕೆದಾರರ ಪೈಕಿ ನೂರಕ್ಕೆ 93 ಮಂದಿ ಸೋತರು, ಒಟ್ಟು ನಷ್ಟ 1.8 ಲಕ್ಷ ಕೋಟಿ ಮೀರಿತು ಎಂಬುದು ಸೆಬಿಯ ಲೆಕ್ಕ. ಅಂದರೆ ಒಂದು ಕೋಟಿಯಷ್ಟು ಜನ ವರ್ಷಕ್ಕೆ 60,000 ಕೋಟಿ. ಶಾಸ್ತ್ರೋಕ್ತವಾದ ದೊಡ್ಡ ಕಟ್ಟೆ ಯಾವುದೆಂದು ಇನ್ನು ಬಿಡಿಸಿ ಹೇಳಬೇಕಿಲ್ಲ, ಅದರ ಷೇರೂ ಸಿಗುತ್ತದೆ. ಇಲ್ಲೂ ರಾಜ ಕೈಯಾಡಿಸುತ್ತಾನೆ: 2024ರ ನವೆಂಬರಿನಿಂದ ಒಂದು ಪೇಟೆಗೆ ಒಂದೇ ಸೂಚ್ಯಂಕದ ವಾರದ ಆಪ್ಷನ್ ಎಂದು ಸೆಬಿ ಮಿತಿ ಹಾಕಿತು. ಆದರೆ ಕಟ್ಟೆಗೆ ಬೀಗ ಹಾಕಲಿಲ್ಲ, ಏಕೆಂದರೆ ಪ್ರತಿ ವಹಿವಾಟಿನ ಮೇಲೂ ಸೆಕ್ಯುರಿಟೀಸ್ ವಹಿವಾಟು ತೆರಿಗೆಯೆಂದು, ಸೋತವನು ಯಾರು ಗೆದ್ದವನು ಯಾರು ಎಂದು ಕೇಳದೆ, ಅವನಿಗೆ ಪಾಲು ಸಂದಾಯವಾಗುತ್ತಿದೆ. ಮುಂಬೈ ಷೇರುಪೇಟೆ ಬಿಎಸ್‌ಇ 2017ರ ಫೆಬ್ರುವರಿಯಲ್ಲಿ ತನ್ನದೇ ಷೇರುಗಳನ್ನು ಪಟ್ಟಿ ಮಾಡಿಸಿದಾಗ ಅದು ಎದುರು ಕಟ್ಟೆಯಾದ ಎನ್‌ಎಸ್‌ಇಗೆ ಹೋಗಬೇಕಾಯಿತು. ಕಟ್ಟೆಯ ಯಜಮಾನ ತನ್ನ ಕಟ್ಟೆಯಲ್ಲೇ ಕೂತು ಆಡುವಂತಿಲ್ಲವೆಂಬುದು ಈಗಿನ ನಿಯಮ. ಬಿಎಸ್‌ಇ ಷೇರು ಕೊಳ್ಳಬಯಸುವ ಸದ್ಗೃಹಸ್ಥರು ದೀಪಾವಳಿಯ ಮುಹೂರ್ತ ವಹಿವಾಟಿನ ವೇಳೆಗೆ ಎನ್‌ಎಸ್‌ಇ ಕಡೆಗೆ ಮುಖ ಮಾಡಿ ಕೂರತಕ್ಕದ್ದು.